ಒಂದು ಅಡಿಗೆ ಒಂದು ಇಂಚು

ಮಿನಿಯೇಚರ್ ಕೋಣೆ ಮಾಡಲು ಒಂದೇ ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನಿಜದಲ್ಲಿ ಒಂದು ಅಡಿ ಇರುವುದು ಇಲ್ಲಿ ಒಂದು ಇಂಚು. ಹನ್ನೆರಡರಲ್ಲಿ ಒಂದು ಪಾಲು, ಅಂದರೆ 1:12. ಹತ್ತು ಅಡಿಯ ಗೋಡೆ ಹತ್ತು ಇಂಚು, ಏಳು ಅಡಿಯ ಬಾಗಿಲು ಏಳು ಇಂಚು, ಐದೂವರೆ ಅಡಿಯ ನಿಮ್ಮಪ್ಪ ಐದೂವರೆ ಇಂಚು. ಕ್ಯಾಲ್ಕುಲೇಟರ್ ಬೇಕಿಲ್ಲ. ಟೇಪಿನಲ್ಲಿ ಅಡಿ ಎಂದು ಇರುವಲ್ಲೆಲ್ಲ ಇಂಚು ಎಂದು ಓದಿಕೊಂಡರೆ ಆಯಿತು. ಶಾಲೆಯಲ್ಲಿ ಮೀಟರು, ಸೆಂಟಿಮೀಟರು ಕಲಿತ ನಮಗೆ ಇದು ಹಳೇ ಕಾಲದ ಅಳತೆ ಅನ್ನಿಸಬಹುದು. ಆದರೆ ಗಾರೆ ಕೆಲಸದವರು, ಬಡಗಿಗಳು, ಬಾಡಿಗೆ ಮನೆ ತೋರಿಸುವ ಬ್ರೋಕರ್‌ಗಳು ಇವತ್ತಿಗೂ ಮಾತಾಡುವುದು ಅಡಿಯಲ್ಲೇ ಅಲ್ಲವೇ?

ಇದಕ್ಕಿಂತ ಚಿಕ್ಕ ಅಳತೆಗಳೂ ಇವೆ. 1:24, 1:48 ಎಂದು ಇಳಿಯುತ್ತಾ ಹೋಗಬಹುದು. ಆಟದ ರೈಲು ಕೂಡಿಸುವ ಹವ್ಯಾಸಿಗಳಲ್ಲಿ 1:87 ಬಹಳ ಜನಪ್ರಿಯ. ಆರ್ಕಿಟೆಕ್ಚರ್ ಓದುವ ಗೆಳೆಯರಿದ್ದರೆ ಅವರ ಕೈಯಲ್ಲಿ 1:50, 1:100ರ ಮಾಡೆಲ್‌ಗಳನ್ನು ನೀವು ನೋಡಿರುತ್ತೀರಿ. ನನಗೆ ಒಗ್ಗಿದ್ದು 1:12. ಇದರಲ್ಲಿ ಲೋಟ ಲೋಟವಾಗಿಯೇ ಕಾಣುತ್ತದೆ, ಬಾಗಿಲಿನ ಚಿಲಕ ಹಾಕಲೂ ಬರುತ್ತದೆ.

ನಾನು ಬಿ.ಕಾಂ. ಮುಗಿಸಿದವಳು. ಎರಡು ವರ್ಷದಿಂದ ಬೆಂಗಳೂರಿನ ವಿಜಯನಗರದ ಒಂದು ಪಿ.ಜಿ.ಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಕೋಣೆಯಲ್ಲಿ ಮೂರು ಮಂಚ, ಮೂರು ಜನ. ಒಬ್ಬಳು ಪಿಎಸ್‌ಐ ಆಗಬೇಕೆಂದು ಬೆಳಗಿನ ಜಾವ ಓಡಲು ಹೋಗುತ್ತಾಳೆ. ಇನ್ನೊಬ್ಬಳದು ನೈಟ್ ಶಿಫ್ಟ್, ಅವಳು ಬರುವ ಹೊತ್ತಿಗೆ ಇವಳು ಹೊರಟಿರುತ್ತಾಳೆ. ನನ್ನ ಪಾಲಿಗೆ ಬಂದಿರುವುದು ಮಂಚದ ಕೆಳಗಿನ ಟ್ರಂಕು ಮತ್ತು ಗೋಡೆಯ ಒಂದು ಶೆಲ್ಫ್. ಆ ಶೆಲ್ಫಿನ ಅರ್ಧದಲ್ಲಿ ಅರ್ಥಶಾಸ್ತ್ರ, ಸಂವಿಧಾನ, ಹಳೆಯ ಪ್ರಶ್ನೆಪತ್ರಿಕೆಗಳು. ಉಳಿದರ್ಧದಲ್ಲಿ ಮನೆಗಳು.

ಊರಿನಿಂದ ಫೋನ್ ಬಂದಾಗ ಅಪ್ಪ ಅಮ್ಮನ ಹತ್ತಿರ ಹೇಳುವುದು ನನಗೂ ಕೇಳಿಸುತ್ತದೆ: “ಓದೋದ್ ಬಿಟ್ಟು ಗೊಂಬೆ ಆಡ್ಕಂಡ್ ಕೂತವ್ಳೆ ನಿನ್ ಮಗ್ಳು.” ಅವರ ಆತಂಕ ನನಗೆ ಅರ್ಥವಾಗುತ್ತದೆ. ಇಪ್ಪತ್ತಮೂರು ವರ್ಷದ ಹುಡುಗಿ ಬೆರಳಿನಷ್ಟು ಉದ್ದದ ಮಣೆಗೆ ಮರಳು ಕಾಗದ ಉಜ್ಜುತ್ತಾ ಕೂತರೆ ಯಾವ ಅಪ್ಪನಿಗೆ ನೆಮ್ಮದಿ ಇರುತ್ತದೆ? ಆದರೆ ಈ ಕೆಲಸವನ್ನು ದೊಡ್ಡವರು ದೊಡ್ಡವರಿಗಾಗಿಯೇ ಮಾಡಿದ ಚರಿತ್ರೆ ಇದೆ ಎಂದು ಅವರಿಗೆ ಹೇಳಬೇಕೆಂದಿದ್ದೇನೆ.

ಇಂಗ್ಲೆಂಡಿನ ವಿಂಡ್ಸರ್ ಕ್ಯಾಸಲ್‌ನಲ್ಲಿ ರಾಣಿ ಮೇರಿಯ ಗೊಂಬೆಮನೆ ಇದೆ. 1921ರಿಂದ 1924ರ ನಡುವೆ ಆದದ್ದು, ಅಳತೆ ನಮ್ಮದೇ 1:12. ಅದರ ವಿನ್ಯಾಸ ಮಾಡಿದ ಎಡ್ವಿನ್ ಲುಟಿಯನ್ಸ್ ನಮ್ಮ ರಾಷ್ಟ್ರಪತಿ ಭವನವನ್ನು ವಿನ್ಯಾಸ ಮಾಡಿದವರೇ. ಆ ಮನೆಯ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಹತ್ತುತ್ತದೆ, ಲಿಫ್ಟ್ ಓಡುತ್ತದೆ. ಅದರ ಗ್ರಂಥಾಲಯಕ್ಕೆಂದು ಷರ್ಲಾಕ್ ಹೋಮ್ಸ್ ಖ್ಯಾತಿಯ ಆರ್ಥರ್ ಕಾನನ್ ಡಾಯ್ಲ್ ಪುಟಾಣಿ ಪುಸ್ತಕವೊಂದನ್ನು ಬರೆದುಕೊಟ್ಟಿದ್ದರು. ಅರಮನೆಯವರ ಶೋಕಿ ಬಿಡಿ ಎನ್ನುವವರು ಷಿಕಾಗೋಗೆ ಬನ್ನಿ. ಅಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ನಾರ್ಸಿಸಾ ಥಾರ್ನ್ ಎಂಬಾಕೆ ಮಾಡಿಸಿದ 68 ಕೋಣೆಗಳಿವೆ. ಅವು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಆದವು. ಕೆಲಸವಿಲ್ಲದೆ ಕೂತಿದ್ದ ನುರಿತ ಕುಶಲಕರ್ಮಿಗಳನ್ನು ಥಾರ್ನ್ ಈ ಕೋಣೆಗಳಿಗೆ ಹಚ್ಚಿದರು. ಕೆಲಸ ಹುಡುಕುತ್ತಿರುವ ನನಗೆ ಆ ಕೋಣೆಗಳ ಚಂದಕ್ಕಿಂತ ಈ ಸಂಗತಿಯೇ ಹೆಚ್ಚು ಹಿಡಿಸಿತು.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಅಮೆರಿಕದ ಮಹಿಳೆ. ಈಕೆ 1940ರ ದಶಕದಲ್ಲಿ ಮಾಡಿದ ಪುಟ್ಟ ಕೋಣೆಗಳಲ್ಲಿ ಹೆಣಗಳಿವೆ! ಅಸಹಜ ಸಾವು ಸಂಭವಿಸಿದ ಜಾಗಗಳ ಮಾದರಿಗಳವು. ಪೊಲೀಸರಿಗೆ ಸಾಕ್ಷ್ಯ ನೋಡುವುದನ್ನು ಕಲಿಸಲೆಂದೇ ಮಾಡಿದವು. ಇದೂ 1:12. ಗೊಂಬೆಗಳ ಕಾಲುಚೀಲವನ್ನು ಗುಂಡುಸೂಜಿಯಷ್ಟು ಸಣ್ಣ ಕಡ್ಡಿಯಲ್ಲಿ ಹೆಣೆದರಂತೆ. ಒಲೆಯ ಮೇಲೆ ಏನಿದೆ, ಕಿಟಕಿ ಎಷ್ಟು ತೆರೆದಿದೆ, ರಕ್ತದ ಕಲೆ ಎಲ್ಲಿದೆ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆ ಮಾದರಿಗಳಲ್ಲಿ ಹೆಚ್ಚಿನವು ಈಗ ಬಾಲ್ಟಿಮೋರ್‌ನಲ್ಲಿವೆ, ತರಬೇತಿಗೆ ಬಳಕೆಯಾಗುತ್ತಲೇ ಇವೆ. ನನ್ನ ಪಿಎಸ್‌ಐ ಆಕಾಂಕ್ಷಿ ರೂಮ್‌ಮೇಟ್‌ಗೆ ಇದನ್ನು ಹೇಳಿದ ಮೇಲೆ ಅವಳು ನನ್ನ ಕತ್ತರಿ, ಅಂಟುಗಳ ಬಗ್ಗೆ ಗೊಣಗುವುದನ್ನು ಬಿಟ್ಟಿದ್ದಾಳೆ.

ಹಾಗೆ ನೋಡಿದರೆ ಇದನ್ನು ನಾವು ಹೊರಗಿನಿಂದ ಕಲಿಯಬೇಕಾದ್ದೇನೂ ಇಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ ರಾಜ ರಾಣಿಯರು. ಕೆಳಗೆಲ್ಲೋ ದಪ್ಪ ಹೊಟ್ಟೆಯ ಶೆಟ್ಟರು ಮತ್ತು ಅವರ ಹೆಂಡತಿ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ. ಪಕ್ಕದಲ್ಲಿ ಟ್ರೇಗೆ ಮಣ್ಣು ಹಾಕಿ ರಾಗಿ ಚೆಲ್ಲಿ ಮೊಳಕೆ ಬರಿಸಿದ ಪಾರ್ಕು, ಮುಖ ನೋಡುವ ಕನ್ನಡಿಯೇ ಕೆರೆ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಗೆಳತಿಯ ಮನೆಗೆ ಗೊಂಬೆ ನೋಡಲು ಹೋಗಿ ಚರಪು ತಿಂದು ಬರುತ್ತಿದ್ದೆ. ನನ್ನ ಕಣ್ಣೆಲ್ಲ ರಾಜ ರಾಣಿಯರನ್ನು ಬಿಟ್ಟು ಶೆಟ್ಟರ ಅಂಗಡಿಯ ಮೇಲೇ ಇರುತ್ತಿತ್ತು. ಜೊತೆಗೆ ಚನ್ನಪಟ್ಟಣದ ಅರಗಿನ ಬಣ್ಣದ ಅಡುಗೆ ಆಟದ ಸಾಮಾನು ಯಾರ ಮನೆಯಲ್ಲಿರಲಿಲ್ಲ? ಬೀಸುವ ಕಲ್ಲು, ಒರಳು, ಬಿಂದಿಗೆ ಎಲ್ಲವೂ ಅಂಗೈಯಲ್ಲಿ.

ಆನ್‌ಲೈನ್‌ನಲ್ಲಿ ಈಗ ಮಿನಿಯೇಚರ್ ಕಿಟ್‌ಗಳು ಸಿಗುತ್ತವೆ. ಕತ್ತರಿಸಿಟ್ಟ ಮರದ ತುಂಡು, ಬಟ್ಟೆ, ದೀಪ, ಅಂಟು ಎಲ್ಲ ಒಂದೇ ಡಬ್ಬಿಯಲ್ಲಿ. ಕೈ ಪಳಗಿಸಿಕೊಳ್ಳಲು ಒಳ್ಳೆಯವೇ, ನಾನೂ ಒಂದನ್ನು ಮಾಡಿದ್ದೇನೆ. ಆದರೆ ಅದು ಯಾರದೋ ಕೋಣೆ. ಅದರ ಅಡುಗೆಮನೆಯಲ್ಲಿ ಓವನ್ ಇರುತ್ತದೆ, ಒರಳು ಇರುವುದಿಲ್ಲ. ಗೋಡೆಯ ಮೇಲೆ ಐಫೆಲ್ ಗೋಪುರದ ಚಿತ್ರ ಇರುತ್ತದೆ, ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ಇರುವುದಿಲ್ಲ. ಅದನ್ನು ಮುಗಿಸಿದ ದಿನ ನನಗೆ ಖುಷಿಯೇನೋ ಆಯಿತು, ಆದರೆ ಒಳಗೆ ಯಾರನ್ನು ಕೂರಿಸಬೇಕೆಂದು ತೋಚಲಿಲ್ಲ.

ಯಾರನ್ನು ಕೂರಿಸಬೇಕೆಂದು ಗೊತ್ತಾಗಿದ್ದು ಕಳೆದ ಯುಗಾದಿಗೆ.

ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ತೆಂಗಿನ ಸೀಮೆ. ತಾತ ಕಟ್ಟಿದ ಹೆಂಚಿನ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರಿಗೂ ಪಾಲಾಗಬೇಕಿತ್ತು. ತೋಟ ಮೂರು ಭಾಗ ಮಾಡುವುದು ಸುಲಭ, ಮನೆ ಹೇಗೆ ಮಾಡುತ್ತೀರಿ? ಕೊನೆಗೆ ಮನೆ ಕೆಡವಿ ಜಾಗ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ಜಗಳವೇನೂ ಆಗಲಿಲ್ಲ. ಯುಗಾದಿ ಕಳೆದು ಎಂಟು ದಿನಕ್ಕೆ ಜೆಸಿಬಿ ಬರುವುದಿತ್ತು. ಹಬ್ಬಕ್ಕೆ ಹೋದವಳು ಬ್ಯಾಗಿನಲ್ಲಿ ಟೇಪು, ಗೆರೆ ಇಲ್ಲದ ನೋಟ್‌ಬುಕ್ಕು ಹಾಕಿಕೊಂಡು ಹೋಗಿದ್ದೆ.

ಇಡೀ ಮನೆ ಮಾಡುವುದು ಆಗದ ಮಾತು. ಅಡುಗೆಮನೆ ಮಾತ್ರ ಎಂದುಕೊಂಡೆ. ಕಾರಣ ಬಹಳ ಸರಳ. ನಮ್ಮ ಮನೆಯ ಆಲ್ಬಮ್‌ಗಳನ್ನೆಲ್ಲ ತಿರುವಿ ಹಾಕಿದೆ. ಜಗಲಿಯ ಫೋಟೊ ಇದೆ, ನಡುಮನೆಯದ್ದಿದೆ, ಹೊಸ ಟ್ರ್ಯಾಕ್ಟರ್‌ಗೆ ಪೂಜೆ ಮಾಡಿದ್ದಿದೆ. ಅಡುಗೆಮನೆಯದ್ದು ಒಂದೇ ಒಂದು ಫೋಟೊ ಇಲ್ಲ. ನಿಮ್ಮ ಮನೆಯ ಆಲ್ಬಮ್ ಒಮ್ಮೆ ನೋಡಿ, ಬಹುಶಃ ಅಲ್ಲೂ ಇರುವುದಿಲ್ಲ.

ಎರಡು ದಿನ ಅಳತೆ ತೆಗೆದೆ. ಟೇಪಿನ ಇನ್ನೊಂದು ತುದಿ ಹಿಡಿದವನು ಚಿಕ್ಕಪ್ಪನ ಮಗ. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಮಣ್ಣಿನ ಗೋಡೆಯ ದಪ್ಪ ಒಂದೂವರೆ ಅಡಿ. ಕಣ್ಣಿಗೆ ಚೌಕವಾಗಿ ಕಾಣುತ್ತಿದ್ದ ಕೋಣೆಯಲ್ಲಿ ಒಂದು ಮೂಲೆಯೂ ಮೂಲೆಮಟ್ಟಕ್ಕೆ ಕೂರುತ್ತಿರಲಿಲ್ಲ. ಒಲೆಯ ಎದುರಿನ ನೆಲ ಒಂದು ಕಡೆ ತಗ್ಗಾಗಿತ್ತು. ಅಜ್ಜಿ ಕೂರುವ ಜಾಗ ಅದು. ಬಾಗಿಲಿನ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಅಪ್ಪ, ದೊಡ್ಡಪ್ಪ ಎಲ್ಲರೂ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದರು. ಅಜ್ಜಿ ಮಾತ್ರ ಸಲೀಸಾಗಿ ಓಡಾಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಗೊಂಬೆ ಮಾಡಬೇಕಲ್ಲ ಎಂದು ಅಜ್ಜಿಯನ್ನೂ ಗೋಡೆಗೆ ನಿಲ್ಲಿಸಿ ಅಳೆದೆ. ನಾಲ್ಕು ಅಡಿ ಹತ್ತು ಇಂಚು! ಅರವತ್ತು ವರ್ಷ ಅವರೂ ಒಂದು ಇಂಚು ಬಗ್ಗಿಯೇ ಓಡಾಡಿದ್ದಾರೆ. ಅಷ್ಟು ವರ್ಷದಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಬರುವಾಗ ಎರಡು ಪೊಟ್ಟಣ ಕಟ್ಟಿಕೊಂಡು ಬಂದೆ. ಒಂದರಲ್ಲಿ ಗೋಡೆಯ ಮಣ್ಣು. ಇನ್ನೊಂದರಲ್ಲಿ ಒಲೆಯ ಹಿಂದಿನ ಗೋಡೆಯಿಂದ ಕೆರೆದ ಮಸಿ.

ಕೆಲಸದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಾಡಬೇಕೆನ್ನುವವರಿಗೆ ಉಪಯೋಗವಾದೀತು. ಗೋಡೆಗೆ 5 ಎಂಎಂ ಸನ್‌ಬೋರ್ಡ್. ಒಂದೂವರೆ ಇಂಚು ದಪ್ಪ ಬರಬೇಕಾದ್ದರಿಂದ ಎರಡು ಹಾಳೆ ನಿಲ್ಲಿಸಿ ನಡುವೆ ಥರ್ಮಾಕೋಲ್ ತುಂಬಿದೆ. ಅದರ ಮೇಲೆ ಟಿಶ್ಯೂ ಪೇಪರ್ ಅಂಟಿಸಿ, ಊರಿಂದ ತಂದ ಮಣ್ಣನ್ನು ಹತ್ತಿ ಬಟ್ಟೆಯಲ್ಲಿ ಜರಡಿ ಹಿಡಿದು, ಫೆವಿಕಾಲ್ ಮತ್ತು ನೀರಿನಲ್ಲಿ ಕಲಸಿ ಬಳಿದೆ. ಜರಡಿ ಹಿಡಿಯಲೇಬೇಕು. ಮನೆಯನ್ನು ಹನ್ನೆರಡು ಪಟ್ಟು ಕುಗ್ಗಿಸಬಹುದು, ಮರಳಿನ ಕಣ ಕುಗ್ಗುವುದಿಲ್ಲ. ಒಂದು ದಪ್ಪ ಕಣ ಉಳಿದರೂ ಗೋಡೆಯಲ್ಲಿ ಬಂಡೆ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಬಟ್ಟೆಯದ್ದೂ ಇದೇ ಕಥೆ. ನಿಜವಾದ ಸೀರೆಯ ತುಂಡು ಗೊಂಬೆಗೆ ಉಡಿಸಿದರೆ ಕಂಬಳಿ ಹೊದ್ದ ಹಾಗಿರುತ್ತದೆ. ಒಗೆದೊಗೆದು ತೆಳುವಾದ ಮಲ್ ಬಟ್ಟೆ ಬೇಕು. ಅದನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ನೆರಿಗೆಗಳನ್ನು ಗುಂಡುಸೂಜಿಯಿಂದ ಹಿಡಿದಿಟ್ಟು ಒಣಗಿಸಿದರೆ ಮಾತ್ರ ಸೀರೆ ಮೈಮೇಲೆ ಇಳಿಬೀಳುತ್ತದೆ.

ನೆಲ ಹಳೆಯ ಗಾರೆ ನೆಲ. ದಪ್ಪ ಕಾರ್ಡ್‌ಶೀಟಿನ ಮೇಲೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪುಡಿಯನ್ನು ಅಂಟಿನಲ್ಲಿ ಕಲಸಿ ನಾಲ್ಕು ಸಲ ಹಚ್ಚಿ, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ ಬಟ್ಟೆಯಿಂದ ಒರೆಸಿದರೆ ಆ ಹಳೇ ಮನೆಯ ನುಣುಪು ಬರುತ್ತದೆ. ಅಜ್ಜಿ ಕೂರುವ ಕಡೆ ಮಾತ್ರ ಹೆಚ್ಚು ಉಜ್ಜಿದೆ.

ಹೆಂಚುಗಳು ಪ್ರಾಣ ತೆಗೆದವು. ಮಂಗಳೂರು ಹೆಂಚು ಎಂದು ನಾವು ಕರೆಯುವುದು ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡಲು ಶುರುಮಾಡಿದ ಹೆಂಚು. ಒಂದರ ಉದ್ದ ಸುಮಾರು ಹದಿನಾರು ಇಂಚು. ನನ್ನ ಲೆಕ್ಕದಲ್ಲಿ ಒಂದೂ ಕಾಲು ಇಂಚು ಮೇಲೆ ಸ್ವಲ್ಪ. ಡ್ರಾಯಿಂಗ್ ಶೀಟು ಕತ್ತರಿಸಿ, ಒಣಗಿದ ಬಾಲ್‌ಪೆನ್ನಿನಿಂದ ಏಣು ಒತ್ತಿ, ಇಟ್ಟಿಗೆ ಪುಡಿ ಕಲಸಿದ ಬಣ್ಣ ಬಳಿದು 160ಕ್ಕೂ ಹೆಚ್ಚು ಹೆಂಚು ಮಾಡಿದೆ. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದು ನನ್ನ ಸಮಯ. ಅದಕ್ಕೂ ಮೊದಲು ಓದು. ಅಧಿಸೂಚನೆ, ಪರೀಕ್ಷೆ, ಕೀ ಉತ್ತರ, ಆಕ್ಷೇಪಣೆ, ತಡೆಯಾಜ್ಞೆ ಎಂದು ವರ್ಷಗಟ್ಟಲೆ ಎಳೆಯುವ ಬದುಕಿನಲ್ಲಿರುವವರಿಗೆ ಗೊತ್ತು, ಇವತ್ತು ಓದಿದ್ದು ಯಾವತ್ತು ಕೈಗೆ ಬರುತ್ತದೋ ಹೇಳಲಾಗದು. ಹೆಂಚು ಹಾಗಲ್ಲ. ಮಲಗುವ ಹೊತ್ತಿಗೆ ಇಪ್ಪತ್ತು ಹೆಂಚು ಆಗಿರುತ್ತಿತ್ತು. ಎಣಿಸಿಟ್ಟು ಮಲಗುತ್ತಿದ್ದೆ.

ಒಲೆಯ ಬೆಂಕಿಗೆ ಬಹಳ ತಲೆಕೆಡಿಸಿಕೊಂಡು ಕೊನೆಗೆ ದೀಪಾವಳಿಯಲ್ಲಿ ಮಾರುವ ಬ್ಯಾಟರಿ ಹಣತೆಯನ್ನು ಬಿಚ್ಚಿದೆ. ಒಳಗಿನ ಹಳದಿ ಎಲ್‌ಇಡಿ ತಾನಾಗಿಯೇ ಮಿಣುಕುತ್ತದೆ. ಅದನ್ನು ಒಲೆಯೊಳಗೆ ಕೂರಿಸಿ ಮುಂದೆ ಕಡ್ಡಿಪುಳ್ಳೆ ಇಟ್ಟರೆ ಸಾಕು, ರಾಗಿ ಮುದ್ದೆಗೆ ಎಸರು ಕಾಯುತ್ತಿರುವ ಹಾಗೆಯೇ. ಕೋಣೆಯಲ್ಲಿ ಬೇರೆ ದೀಪ ಇಡಲಿಲ್ಲ. ನೆಲುವಿನಲ್ಲಿ ಗಡಿಗೆ ತೂಗಿಸಿದೆ. ಗಡಿಗೆ ಏರ್-ಡ್ರೈ ಕ್ಲೇಯದ್ದು. ಓವನ್ ಬೇಡವಾದ್ದರಿಂದ ಪಿ.ಜಿ.ಯವರಿಗೆ ಇದೇ ಅನುಕೂಲ. ಪಾಲಿಮರ್ ಕ್ಲೇ ಇನ್ನೂ ಚೆನ್ನಾಗಿರುತ್ತದೆ, ಆದರೆ ಅದನ್ನು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು.

ಅಟ್ಟದ ಬಗ್ಗೆ ಹೇಳದಿದ್ದರೆ ತಿಪಟೂರಿನವರು ಬೇಸರಪಟ್ಟಾರು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗೆ ನೀರು ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಎನ್ನುತ್ತದೆ. ಅಟ್ಟ ತುಂಬ ಕಾಯಿ ಮಾಡುವುದು ಹೇಗೆ? ಮುಕ್ಕಾಲು ಇಂಚಿನ ಒಣಗಿದ, ಕಂದು ಬಣ್ಣದ, ಸುಕ್ಕುಗಟ್ಟಿದ ಏನಾದರೂ ಬೇಕಿತ್ತು. ಗ್ರಂದಿಗೆ ಅಂಗಡಿಯಲ್ಲಿ ಸಿಕ್ಕಿತು. ಅಂಟುವಾಳಕಾಯಿ! ಕಾಲು ಕಿಲೊ ತಂದು ಅಟ್ಟಕ್ಕೆ ಸುರಿದೆ. ತಮಾಷೆ ಏನೆಂದರೆ ಒಣಗಿದ ಅಂಟುವಾಳದ ಒಳಗೂ ಬೀಜ ಬಿಟ್ಟುಕೊಂಡಿರುತ್ತದೆ. ಮನೆಯನ್ನು ಅಲ್ಲಾಡಿಸಿದರೆ ಅಟ್ಟದಿಂದ ಲೊಡಲೊಡ ಸದ್ದು ಬರುತ್ತದೆ.

ಇನ್ನು ಗೊಂಬೆ. ಅಜ್ಜಿ ನಾಲ್ಕು ಇಂಚು ಮುಕ್ಕಾಲು ಮೇಲೆ ಸ್ವಲ್ಪ. ಬೈಂಡಿಂಗ್ ತಂತಿಯ ಅಸ್ಥಿಪಂಜರ, ಅದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮೈ, ಮೇಲೆ ಕ್ಲೇ. ಕೈಗೆ ಮಾತ್ರ ಎಂ-ಸೀಲ್, ಯಾಕೆಂದರೆ ಬೆರಳುಗಳು ತೆಳುವಾಗಿದ್ದರೂ ಮುರಿಯುವುದಿಲ್ಲ. ತಲೆ ಎರಡು ಸೆಂಟಿಮೀಟರೂ ಬರುವುದಿಲ್ಲ. ಅದರಲ್ಲಿ ಕಣ್ಣು, ಮೂಗು, ತುಟಿ ಎಲ್ಲ ಬಿಡಿಸಿ ಹೋಲಿಕೆ ತರುತ್ತೇನೆಂದು ಹೊರಟರೆ ಯಾವುದೋ ಕಾರ್ಟೂನ್ ಆಗುತ್ತದೆ. ಹೋಲಿಕೆ ಮುಖದಲ್ಲಿ ಇರುವುದೇ ಇಲ್ಲ. ಅರ್ಧ ಫರ್ಲಾಂಗ್ ದೂರದಿಂದ ನಮ್ಮವರು ಬರುತ್ತಿದ್ದರೆ ಮುಖ ಕಾಣದಿದ್ದರೂ ಗುರುತು ಹಿಡಿಯುತ್ತೇವಲ್ಲ, ಹೇಗೆ? ಭುಜದಿಂದ, ನಡಿಗೆಯಿಂದ, ತಲೆ ಓರೆ ಮಾಡುವುದರಿಂದ. ಐದು ಇಂಚಿನ ಗೊಂಬೆ ಎಂದರೆ ಅಷ್ಟು ದೂರದಲ್ಲಿರುವ ಮನುಷ್ಯ. ಹಾಗಾಗಿ ಅಜ್ಜಿಯ ಮುಖದಲ್ಲಿ ಮೂಗು ಮತ್ತು ತಾಮ್ರದ ತಂತಿಯ ಕನ್ನಡಕ ಬಿಟ್ಟರೆ ಏನೂ ಮಾಡಲಿಲ್ಲ. ಬಲ ಮೊಣಕಾಲು ಎತ್ತಿ, ಅದರ ಮೇಲೆ ಮೊಣಕೈ ಊರಿ, ಎಡಗೈಯನ್ನು ಸುಮ್ಮನೆ ನೆಲಕ್ಕೆ ಒತ್ತಿ ಕೂರುವ ಅವರ ಭಂಗಿಯನ್ನು ಮಾತ್ರ ನಾಲ್ಕು ಸಲ ತಂತಿ ಬಗ್ಗಿಸಿ ಬಗ್ಗಿಸಿ ಸರಿ ಮಾಡಿದೆ.

ಈ ಪಾಠ ನನಗೆ ಹಣದ ಕೆಲಸದಲ್ಲೂ ಬಂತು. ಇನ್‌ಸ್ಟಾಗ್ರಾಂನಲ್ಲಿ ನನ್ನ ಫೋಟೊ ನೋಡಿ ಒಬ್ಬರು ಅಕ್ಕ ಕೇಳಿದರು. ಅವರ ತಂದೆ ಟೈಲರ್ ಆಗಿದ್ದವರು, ತೀರಿಕೊಂಡು ಮೂರು ವರ್ಷ. ಅಂಗಡಿಯನ್ನೂ ತಂದೆಯನ್ನೂ ಮಾಡಿಕೊಡಬೇಕು. ಕಳಿಸಿದ್ದು ಎರಡೇ ಫೋಟೊ, ಎರಡೂ ಪಾಸ್‌ಪೋರ್ಟ್ ಸೈಜಿನವು. ಅವರಿಗೆ ಫೋನ್ ಮಾಡಿ ಕೇಳಿದೆ: “ಅಕ್ಕ, ಅಂಕಲ್ ನಿಂತಾಗ ಹೇಗೆ ನಿಲ್ಲುತ್ತಿದ್ದರು? ಗಿರಾಕಿ ಬಂದರೆ ಎದ್ದು ಬರುತ್ತಿದ್ದರಾ, ಕೂತಲ್ಲಿಂದಲೇ ಮಾತಾಡುತ್ತಿದ್ದರಾ? ಟೇಪು ಕುತ್ತಿಗೆಯಲ್ಲಾ, ಮೊಳೆಯಲ್ಲಾ?” ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಒಂದು ಕಿವಿ ಮಂದವಾಗಿದ್ದರಿಂದ ಅವರು ಯಾವಾಗಲೂ ತಲೆ ಬಲಕ್ಕೆ ವಾಲಿಸುತ್ತಿದ್ದರಂತೆ. ಒಂದೇ ಕಾಲಿನ ಚಪ್ಪಲಿ ಬೇಗ ಸವೆಯುತ್ತಿತ್ತಂತೆ. ನೆಲದ ಮೇಲೆ ಬಟ್ಟೆ ಚೂರು, ದಾರ ಬಿದ್ದಿರಲೇಬೇಕು, ಗುಡಿಸಿದ ಅಂಗಡಿ ಅಪ್ಪನದಲ್ಲ ಎಂದರು. ಮಾಡಿ ಕೊಟ್ಟಾಗ ಅವರು ಮೊದಲು ನೋಡಿದ್ದು ಗೊಂಬೆಯ ಬೆನ್ನನ್ನು. ಶಾಲೆಯಿಂದ ಬರುವಾಗ ಅವರಿಗೆ ದಿನಾ ಕಾಣುತ್ತಿದ್ದುದು ಅದೇ.

ಹಣದ ವಿಷಯ ಮುಚ್ಚಿಡುವುದಿಲ್ಲ, ಇದನ್ನು ಓದುವವರಲ್ಲಿ ಬಹಳ ಜನಕ್ಕೆ ಅದೇ ಮುಖ್ಯ. ಆ ಅಂಗಡಿಗೆ ನಾನು ತೆಗೆದುಕೊಂಡದ್ದು 6,500 ರೂಪಾಯಿ. ಸಾಮಾನಿಗೆ 1,400 ಆಯಿತು. ಹಿಡಿದ ಸಮಯ 70 ಗಂಟೆ. ಭಾಗಿಸಿ ನೋಡಿ, ಗಂಟೆಗೆ 73 ರೂಪಾಯಿಯೂ ಬರುವುದಿಲ್ಲ. ಇನ್ನೂ ಹೆಚ್ಚು ಕೇಳಬಹುದಿತ್ತು ಎಂದು ರೂಮ್‌ಮೇಟ್‌ಗಳು ಬೈದರು. ಮದುವೆ ಕಾಂಟ್ರ್ಯಾಕ್ಟ್ ಹಿಡಿಯುವವರೊಬ್ಬರು ಹತ್ತು ದಿನದಲ್ಲಿ 40 ಗಂಡು ಹೆಣ್ಣಿನ ಜೋಡಿ ಗೊಂಬೆ ಬೇಕು, ಜೋಡಿಗೆ 250 ಕೊಡುತ್ತೇವೆ ಎಂದರು. ಒಟ್ಟು ಹತ್ತು ಸಾವಿರ, ಪಿ.ಜಿ. ಬಾಡಿಗೆ ಕಳೆದು ಉಳಿಯುವಷ್ಟು. ಒಂದು ರಾತ್ರಿ ಯೋಚಿಸಿ ಬೇಡ ಎಂದೆ. ನಲವತ್ತು ಜೋಡಿಯೂ ಒಂದೇ ಥರ ನಿಲ್ಲಬೇಕು ಎಂಬುದು ಅವರ ಷರತ್ತಾಗಿತ್ತು. ಅದಕ್ಕೆ ಅಚ್ಚು ಹಾಕುವವರಿದ್ದಾರೆ, ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಇದರಿಂದ ಉದ್ಯೋಗ ಸಿಗುತ್ತದೆಯೇ ಎಂದು ಕೇಳಿದರೆ, ದಾರಿಗಳಿವೆ. ಕಟ್ಟಡಗಳ ಮಾಡೆಲ್ ಮಾಡುವ ಸ್ಟುಡಿಯೊಗಳಿವೆ. ಅಲ್ಲಿ ಈಗ ಲೇಸರ್ ಕಟಿಂಗ್, 3ಡಿ ಪ್ರಿಂಟಿಂಗ್ ಗೊತ್ತಿರಬೇಕು. ಮ್ಯೂಸಿಯಂಗಳ ಡಯೊರಾಮಾ, ಸಿನಿಮಾ, ಜಾಹೀರಾತು, ಸ್ಟಾಪ್ ಮೋಷನ್ ಅನಿಮೇಷನ್ ಎಲ್ಲದಕ್ಕೂ ಈ ಕೈ ಬೇಕು. 2009ರ ‘ಕೊರಲೈನ್’ ಸಿನಿಮಾದ ಗೊಂಬೆಗೆ ಸ್ವೆಟರ್ ಹೆಣೆಯಲೆಂದೇ ಆಲ್ಥಿಯಾ ಕ್ರೋಮ್ ಎಂಬ ಕಲಾವಿದೆ ಇದ್ದರು. ಆ ದಾರಿ ಹಿಡಿಯುವವರು ಹಿಡಿಯಲಿ. ನಾನು ಸದ್ಯಕ್ಕೆ ಎರಡು ತಿಂಗಳಿಗೆ ಒಂದೇ ಆರ್ಡರ್ ಎಂದು ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಲು ತಯಾರಿರುವವರದ್ದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ದಿನಕ್ಕೆ ಎಂಟು ಗಂಟೆ ಇದನ್ನೇ ಮಾಡಿದರೆ ಒಂಬತ್ತೂವರೆ ಯಾವಾಗ ಆಗುತ್ತದೆಂದು ಕಾಯುವ ಆಸೆ ಉಳಿಯುತ್ತದೋ ಇಲ್ಲವೋ. ಕೆಲಸಕ್ಕೆ ಬೇರೆ ಹುಡುಕುತ್ತಿದ್ದೇನೆ.

ಶುರುಮಾಡುವವರಿಗೆ ದೊಡ್ಡ ಬಂಡವಾಳ ಬೇಡ. ಒಳ್ಳೆಯ ಕಟರ್, ಸ್ಟೀಲ್ ಸ್ಕೇಲ್, ಚಿಮ್ಮಟ, ಫೆವಿಕಾಲ್, ಒಂದು ಹಾಳೆ ಸನ್‌ಬೋರ್ಡ್ ಇದ್ದರೆ ಆಯಿತು. ಉಳಿದದ್ದು ಕಸದಲ್ಲೇ ಇರುತ್ತದೆ. ಔಷಧಿ ಬಾಟಲಿಯ ಮುಚ್ಚಳ ಪಾತ್ರೆಯಾಗುತ್ತದೆ, ಟಿಚ್ ಬಟನ್ ತಟ್ಟೆಯಾಗುತ್ತದೆ, ಐಸ್‌ಕ್ರೀಂ ಕಡ್ಡಿ ಬಾಗಿಲಿಗೆ, ಗೋಣಿಯ ಎಳೆ ಹಗ್ಗಕ್ಕೆ. ಮೊದಲಿಗೆ ಇಡೀ ಮನೆಗೆ ಕೈ ಹಾಕಬೇಡಿ. ಒಂದು ಮೂಲೆ ಸಾಕು. ನೀವು ಓದಲು ಕೂರುವ ಮೂಲೆಯನ್ನೇ ಅಳೆದು ನೋಡಿ.

ಅಡುಗೆಮನೆ ಮುಗಿಯಲು ಐದು ತಿಂಗಳು ಹಿಡಿಯಿತು. ಅಷ್ಟು ಹೊತ್ತಿಗೆ ಊರಿನಲ್ಲಿ ಮನೆ ಇದ್ದ ಜಾಗದಲ್ಲಿ ಮೂರು ಸಾಲು ಕಲ್ಲು ನೆಟ್ಟಾಗಿತ್ತು. ಅಜ್ಜಿ ದೊಡ್ಡಪ್ಪನ ಮನೆಯಲ್ಲಿದ್ದರು. ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ತುರುಕಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಅಟ್ಟದ ಕಾಯಿ ಸದ್ದು ಮಾಡುತ್ತಿತ್ತು. ಕಂಡಕ್ಟರ್ ಒಮ್ಮೆ ತಿರುಗಿ ನೋಡಿ ಸುಮ್ಮನಾದರು.

ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಿನಿಯೇಚರ್ ಕೋಣೆಗಳಿಗೆ ಮುಂದಿನ ಗೋಡೆ ಇರುವುದಿಲ್ಲ, ಒಳಗೆ ಕಾಣಬೇಕಲ್ಲ. ಅಜ್ಜಿ ಆ ಖಾಲಿ ಕಡೆ ಕೈಯಾಡಿಸಿ ಕೇಳಿದರು: “ಈ ಗ್ವಾಡೆ ಯಾರ್ ಪಾಲಿಗೆ ಹೋಯ್ತವ್ವಾ?”

ದೊಡ್ಡಪ್ಪ ಎದ್ದು ಹೊರಗೆ ಹೋದರು. ದೊಡ್ಡಮ್ಮ ನಕ್ಕರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಜ್ಜಿಯೇ ಆಮೇಲೆ ಬಾಗಿಲು ಹಾಕಿ ತೆಗೆದು ಮಾಡಿ, ಒಲೆಯ ಮುಂದಿನ ಗೊಂಬೆಯನ್ನು ಕಿರುಬೆರಳಿನಿಂದ ಮುಟ್ಟಿ, “ಇವ್ಳ್ಗೆ ಒಂದ್ ಲೋಟ ಕಾಫಿ ಮಾಡಿಡು” ಎಂದರು. ಅದನ್ನೂ ಮಾಡಿಟ್ಟೆ. ಸ್ಟೀಲ್ ಲೋಟ, ಮುಕ್ಕಾಲು ಸೆಂಟಿಮೀಟರ್.

ಪಾಲಿನ ಕರಾರಿನಲ್ಲಿ ಬರೆಯದ ಒಂದು ಏರ್ಪಾಡಿದೆ. ಅಜ್ಜಿ ವರ್ಷದಲ್ಲಿ ನಾಲ್ಕು ತಿಂಗಳು ದೊಡ್ಡಪ್ಪನ ಮನೆ, ನಾಲ್ಕು ತಿಂಗಳು ನಮ್ಮ ಮನೆ, ನಾಲ್ಕು ತಿಂಗಳು ಚಿಕ್ಕಪ್ಪನ ಮನೆ. ಈಗ ಅಡುಗೆಮನೆಯೂ ಅವರ ಜೊತೆಯಲ್ಲೇ ಓಡಾಡುತ್ತದೆ. ಅಜ್ಜಿಯ ಬಟ್ಟೆ ಬ್ಯಾಗು, ಮಾತ್ರೆ ಡಬ್ಬಿ, ಅಡುಗೆಮನೆ. ನಮ್ಮ ಮನೆಯಲ್ಲಿದ್ದಾಗ ಅದನ್ನು ಟಿ.ವಿ. ಪಕ್ಕ ಇಟ್ಟಿದ್ದೆವು. ಸಂಜೆ ಒಲೆಯ ಸ್ವಿಚ್ ಹಾಕುವ ಕೆಲಸ ಅಪ್ಪ ವಹಿಸಿಕೊಂಡಿದ್ದರು. ಬ್ಯಾಟರಿ ಮುಗಿದರೆ ತಾವೇ ಪೇಟೆಯಿಂದ ತಂದು ಹಾಕುತ್ತಿದ್ದರು. ಗೊಂಬೆಯಾಟದ ಮಾತು ಆಮೇಲೆ ಅವರು ಎತ್ತಿಲ್ಲ, ಆದರೆ ಪರೀಕ್ಷೆ ಯಾವಾಗ ಎಂದು ಕೇಳುವುದನ್ನೂ ಬಿಟ್ಟಿಲ್ಲ.

ಅಜ್ಜಿ ಈಗ ಚಿಕ್ಕಪ್ಪನ ಮನೆಯಲ್ಲಿದ್ದಾರೆ. ಹೋದ ಭಾನುವಾರ ನೋಡಿಕೊಂಡು ಬಂದೆ. ನಮ್ಮ ಅತ್ತೆಯ ಮೊಮ್ಮಗ, ನಾಲ್ಕು ವರ್ಷದವನು, ರಜೆಗೆ ಬಂದಿದ್ದ. ಅಡುಗೆಮನೆಯೊಳಗೆ, ಅಜ್ಜಿ ಗೊಂಬೆಯ ಪಕ್ಕದಲ್ಲಿ, ಒಂದು ಹಸಿರು ಪ್ಲಾಸ್ಟಿಕ್ ಡೈನೋಸಾರ್ ಕೂತಿದೆ. ತಲೆ ಅಟ್ಟಕ್ಕೆ ತಾಗುತ್ತಿದೆ, ಯಾವ ಅಳತೆಗೂ ಸೇರಿದ್ದಲ್ಲ. ತೆಗೆಯಲು ಕೈ ಹಾಕಿದೆ. “ಬಿಡು, ಉಂಡ್ಕಂಡ್ ಹೋಗ್ಲಿ” ಎಂದರು ಅಜ್ಜಿ.